ಮೇಲೆ ಮನೆ, ಕೆಳಗೆ ಮಿಲ್ಲು

ಸುಂಕದಕಟ್ಟೆ,
ಭಾನುವಾರ, 9 ನವೆಂಬರ್ 2025

ಚಿ. ಸೌ. ಕವನಾಳಿಗೆ ನಿನ್ನ ಸೋದರಮಾವ ದೊಡ್ಡಣ್ಣ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಕಾಗದ ಶುರುಮಾಡಬೇಕೆಂದು ನಮ್ಮೂರ ಶಾಲೆಯ ಮೇಷ್ಟ್ರು ಕಲಿಸಿದ್ದರು. ಈ ಸಲ ಅದನ್ನು ಬಿಟ್ಟಿದ್ದೇನೆ. ನಿನ್ನ ಚಿಕ್ಕಲಕ್ಷ್ಮಮ್ಮತ್ತೆ ಕ್ಷೇಮ. ಮಿಲ್ಲಿನ ಮೋಟಾರು ಕ್ಷೇಮ. ನಾನು ಮಾತ್ರ ಕೋಪದಲ್ಲಿದ್ದೇನೆ. ಎಷ್ಟು ಕೋಪ ಎಂದರೆ, ಈ ಕಾಗದಕ್ಕೆ ಇದು ನಾಲ್ಕನೆಯ ಹಾಳೆ. ಮೊದಲಿನ ಮೂರರಲ್ಲಿ ಪೆನ್ನು ಹಾಳೆಯನ್ನೇ ಹರಿದು ಆಚೆ ಹೋಯಿತು.

ಗೌರಿ ಹಬ್ಬಕ್ಕೆ ಬಾಗಿನ ಕಳಿಸಿದ ಮೇಲೆ ನಿನಗೆ ಒಂದು ಸುದ್ದಿಯನ್ನೂ ತಿಳಿಸಲಿಲ್ಲ. ತಪ್ಪು ತಿಳಿಯಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ದನಿ ಏರಿಸಿದರೆ ನೀನು "ಮಾವ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು. ಅಲ್ಲದೆ ನನ್ನ ಅಕ್ಷರದ ವಿಷಯ ನಿನಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರು ಬಂದಾಗ ಇಡೀ ಶಾಲೆಯಲ್ಲಿ ನನ್ನ ಕಾಪಿ ಪುಸ್ತಕವೊಂದನ್ನೇ ಎತ್ತಿ ತೋರಿಸಿದ್ದರು. ಇಂಥ ಅಕ್ಷರವನ್ನು ರಾಗಿ ಡಬ್ಬದ ಮೇಲೆ ಗಿರಾಕಿಗಳ ಹೆಸರು ಬರೆಯುವುದರಲ್ಲೇ ಸವೆಸಿದೆನಲ್ಲ ಎಂದು ಒಮ್ಮೊಮ್ಮೆ ನನಗೇ ನನ್ನ ಮೇಲೆ ಮರುಕ ಹುಟ್ಟುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಓನರು ಚಕ್ರಪಾಣಿ ಮೇಷ್ಟ್ರು ಈ ಕಟ್ಟಡವನ್ನು ಮಾರುತ್ತಿದ್ದಾರೆ. ಶ್ರಾವಣದಲ್ಲಿ ಬಾಡಿಗೆ ಕೊಡಲು ವಿಜಯನಗರಕ್ಕೆ ಹೋದಾಗ ಕೂರಿಸಿ ಕಾಫಿ ಕೊಟ್ಟು ಹೇಳಿದರು. "ದೊಡ್ಡಣ್ಣ, ಪಿ.ಜಿ. ಕಟ್ಟೋರು ಒಬ್ರು ಕೇಳ್ತಿದಾರೆ. ಪೂರ್ತಿ ಕೆಡವಿ ಐದು ಮಹಡಿ ಎಬ್ಬಿಸ್ತಾರಂತೆ. ಆದ್ರೆ ಮೊದಲು ನಿಮ್ಮನ್ನ ಕೇಳದೆ ಕೊಟ್ರೆ ನನಗೆ ನಿದ್ದೆ ಬರಲ್ಲ. ಕಾರ್ತೀಕ ಮುಗಿಯೋವರೆಗೂ ಟೈಮ್ ತಗೊಳ್ಳಿ." ಇಂಥ ಮನುಷ್ಯನಿಗೆ ಆಗುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಯಾಕೆ ಸಾರ್ ಕಾರ್ತೀಕ, ದೀಪಾವಳಿಗೇ ನನ್ನ ಹೆಸರಿಗೆ ರಿಜಿಸ್ಟ್ರೇಷನ್ ಇಟ್ಕೊಳ್ಳಿ" ಎಂದು ಹೇಳಿ ಎದ್ದುಬಂದೆ. ಕೈಯಲ್ಲಿ ಇದ್ದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದಕ್ಕೆ ಈ ಕಟ್ಟಡವನ್ನೇ ಅಡಮಾನ ಇಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಬೇಕು, ಅಷ್ಟೇ ತಾನೆ ಎಂದುಕೊಂಡೆ. ಮಾಗಡಿ ರೋಡಿನಲ್ಲಿ ಇಷ್ಟು ವರ್ಷ ಮಿಲ್ಲು ನಡೆಸಿದವನಿಗೆ, ಬ್ಯಾಡರಹಳ್ಳಿಯವರೆಗೆ ಯಾವ ಅಡುಗೆ ಮನೆಯ ಮುದ್ದೆ ಮುಟ್ಟಿದರೂ ಇದು ನಮ್ಮ ಹಿಟ್ಟು ಎಂದು ಹೇಳಬಲ್ಲವನಿಗೆ, ಸಾಲ ಯಾವನು ಇಲ್ಲ ಎನ್ನುತ್ತಾನೆ?

ಎಂದರು ಕಣೇ. ಕಂಪ್ಯೂಟರಿನ ಮುಂದೆ ಕೂತು, ಎ.ಸಿ. ಗಾಳಿ ಕುಡಿಯುತ್ತಾ ಎಂದರು.

ಸಾಲದ ಟೇಬಲ್ಲಿನಲ್ಲಿ ಧನ್ಯಶ್ರೀ ಎಂಬ ಹುಡುಗಿ ಇದ್ದಳು. ನಿನ್ನದೇ ವಯಸ್ಸು. ಮಾತು ಮೃದು. ಎಲ್ಲ ಕೇಳಿಕೊಂಡು, "ಅಂಕಲ್, ಇದು ಮನೇನಾ, ಅಂಗಡೀನಾ?" ಎಂದಳು.

"ಎರಡೂನೂ ಕಣಮ್ಮ. ಮೇಲೆ ಮನೆ, ಕೆಳಗೆ ಮಿಲ್ಲು."

"ಎರಡೂ ಅಂದ್ರೆ ಕಷ್ಟ ಅಂಕಲ್. ಮನೆ ಆದ್ರೆ ಹೋಮ್ ಲೋನ್. ಕಮರ್ಷಿಯಲ್ ಆದ್ರೆ ಬೇರೆ ಲೋನ್, ಬಡ್ಡಿ ಜಾಸ್ತಿ, ವರ್ಷ ಕಮ್ಮಿ."

"ನಾನು ಮೇಲೆ ಮಲಗ್ತೀನಿ, ಕೆಳಗೆ ದುಡೀತೀನಿ. ಹಂಗಾದ್ರೆ ಸೊಂಟದಿಂದ ಮೇಲಕ್ಕೆ ನಾನು ಮನೆಯವನು, ಸೊಂಟದಿಂದ ಕೆಳಕ್ಕೆ ಕಮರ್ಷಿಯಲ್ಲಾ?"

ಅವಳು ನಕ್ಕಳು. ಗಾಜಿನ ಆಚೆ ಕೂತಿದ್ದ ಮ್ಯಾನೇಜರು ನಗಲಿಲ್ಲ. "ಮ್ಯಾನೇಜರ್ ಹತ್ರ ಕೇಳಿ ಇಡ್ತೀನಿ, ಮುಂದಿನ ವಾರ ಬನ್ನಿ ಅಂಕಲ್, ಏನಾದ್ರೂ ದಾರಿ ಇರುತ್ತೆ" ಎಂದಳು. ಮುಂದಿನ ವಾರ! ನಾನು ರಾಗಿ ಬೀಸಿ ಕೊಡಲು ಯಾರನ್ನಾದರೂ ಮುಂದಿನ ವಾರ ಬನ್ನಿ ಎಂದಿದ್ದೇನೆಯೇ?

ಬ್ಯಾಂಕಿನ ಮೆಟ್ಟಿಲಿಳಿಯುತ್ತಿದ್ದಾಗಲೇ ಸಿಕ್ಕವನು ಪುರುಷೋತ್ತಮ. ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಕೈಗೊಂದು ಫೋನಿನಂತೆ ಎರಡು ಫೋನು ಹಿಡಿದುಕೊಂಡು, ಲೋನು ಮಾಡಿಸಿಕೊಡುವುದೇ ಕಸುಬು ಮಾಡಿಕೊಂಡವನು. ಹೆಸರಿನಲ್ಲಿ ದೇವರಿದ್ದಾನೆ, ಹೊಟ್ಟೆಯಲ್ಲಿ ಬರೀ ಕಮಿಷನ್ನು. ಟೀ ಕೊಡಿಸಿದ. ನನ್ನ ದುಡ್ಡಿನಲ್ಲೇ ಕೊಡಿಸಿದ ಎಂಬುದು ಆಮೇಲೆ ಹೊಳೆಯಿತು.

"ಅಣ್ಣ, ಎಲ್ಲಾ ನಿಜ ಹೇಳೋಕೆ ಬ್ಯಾಂಕೇನು ದೇವಸ್ಥಾನನಾ?" ಎಂದ. "ನೀವ್ಯಾಕೆ ಮಿಲ್ಲು ಅಂದ್ರಿ? ಅದು ಮನೆ ಅಷ್ಟೇ. ಮಿಲ್ಲು ಬ್ಯಾಡರಹಳ್ಳೀಲಿ ಯಾವುದೋ ಶೆಡ್ಡಲ್ಲಿದೆ ಅಂತ ಬರೀತೀನಿ. ಬೆಲೆ ಕಟ್ಟೋಕೆ ಎಂಜಿನಿಯರು ಬರ್ತಾನೆ. ಆ ಒಂದು ದಿನ ಮಿಷನ್ನು ಕಣ್ಣಿಗೆ ಕಾಣಬಾರದು. ಅರ್ಜಿ ಆ ಹುಡುಗಿ ಟೇಬಲ್ಲಿಗೆ ಹೋಗದ ಹಾಗೆ ನಾನು ಹಾಕಿಸ್ತೀನಿ, ಉಳಿದಿದ್ದು ನಂಗೆ ಬಿಡಿ."

"ಸಿಮೆಂಟಲ್ಲಿ ಬೋಲ್ಟು ಹಾಕಿ ಕೂರಿಸಿರೋ ಮಿಷನ್ನಪ್ಪಾ. ಜೇಬಲ್ಲಿ ಇಟ್ಕೊಂಡು ಓಡಾಡಕ್ಕಾಗುತ್ತಾ?"

"ಅದು ನಿಮ್ಮ ತಲೆ ಅಣ್ಣ. ನಿಮ್ಮಂಥ ತಲೆ ಈ ಏರಿಯಾದಲ್ಲಿ ಯಾರಿಗಿದೆ?"

ಇದೊಂದು ಮಾತನ್ನು ಅವನು ನಿಜ ಹೇಳಿದ. ಮುಂದಿನ ಉಪಾಯ ಪೂರ್ತಿ ನನ್ನದೇ, ಅದರಲ್ಲಿ ಪುರುಷೋತ್ತಮನಿಗೆ ಒಂದು ಕಾಳಿನಷ್ಟೂ ಪಾಲಿಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಚಕ್ರಪಾಣಿ ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಹೆಂಡತಿ ವತ್ಸಲಮ್ಮ ಅಟ್ಟದ ಕಡೆ ನೋಡಿಕೊಂಡು ನಿಂತಿದ್ದರು. "ಮಂಡಿ ನೋವು ದೊಡ್ಡಣ್ಣ. ನಮ್ಮ ಗೊಂಬೆಗಳು ಈ ವರ್ಷ ಅಟ್ಟದಲ್ಲೇ ಉಳಿಯುತ್ವೆ" ಎಂದರು. ನನ್ನ ತಲೆಯಲ್ಲಿ ಮೋಟಾರು ಸ್ಟಾರ್ಟ್ ಆಯಿತು. ದಸರಾ ಗೊಂಬೆ! ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಮೇಲೆ ರೇಷ್ಮೆ ಸೀರೆ ಹೊದಿಸಿ, ಗೊಂಬೆ ಕೂರಿಸಿದರೆ, ಆ ಹಲಗೆಗಳ ಕೆಳಗೆ ಏನಿದೆ ಎಂದು ಯಾವ ಎಂಜಿನಿಯರು ಇಣುಕಿ ನೋಡುತ್ತಾನೆ? "ನಮ್ಮನೇಲಿ ಕೂರಿಸ್ತೀವಿ ತಾಯಿ, ಕೊಡಿ" ಎಂದೆ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ನಮ್ಮಜ್ಜನ ಕಾಲದಿಂದಲೂ ಇಲ್ಲ. ಆಕೆಗೆ ಅದೆಷ್ಟು ಸಂತೋಷವಾಯಿತೋ, ಪಟ್ಟದ ಗೊಂಬೆಗಳನ್ನೂ, ತನ್ನ ತವರಿನಿಂದ ಬಂದ ಮಣ್ಣಿನ ಶೆಟ್ಟಿ ಶೆಟ್ಟಮ್ಮನನ್ನೂ ಹತ್ತಿಯಲ್ಲಿ ಸುತ್ತಿ ಕೊಟ್ಟರು. ಶೆಟ್ಟಿಯ ಮುಂದೆ ಇಡಲು ಪುಟ್ಟ ತಕ್ಕಡಿ ಬೇರೆ.

ಆ ಮೆಟ್ಟಿಲು ನೀನು ನೋಡಬೇಕಿತ್ತು. ರಾಗಿ ಮಿಷನ್ನು ಒಂದು ಕಡೆ, ಖಾರದ ಮಿಷನ್ನು ಒಂದು ಕಡೆ, ಎರಡರ ಮೇಲೂ ಹಲಗೆ. ಕಾಳು ಸುರಿಯುವ ಬಾಯಿ ಎತ್ತರಕ್ಕಿದ್ದಲ್ಲಿ ಪಟ್ಟದ ರಾಜ ರಾಣಿ. ನಿನ್ನತ್ತೆಯ ಮದುವೆ ಸೀರೆ ಮುಂದೆ ಇಳಿಬಿಟ್ಟೆ. ಮಿಲ್ಲಿನ ಬೋರ್ಡಿನ ಮೇಲೆ ನಾಡಹಬ್ಬದ ಶುಭಾಶಯ ಎಂದು ವಾರ್ಡಿನ ಯಾವನೋ ಮುಖಂಡ ಹಲ್ಲು ಕಿರಿಯುವ ಫ್ಲೆಕ್ಸು ಕಟ್ಟಿದೆ. ಗಿರಾಕಿಗಳಿಗೆ ಮೋಟಾರು ಸುಟ್ಟಿದೆ ಎಂದೆ. ಹೆಂಗಸರು ಡಬ್ಬ ಹೊತ್ತು ಬರುವುದು, ಗೊಂಬೆ ನೋಡುವುದು, ಅರಿಶಿನ ಕುಂಕುಮ ತೆಗೆದುಕೊಳ್ಳುವುದು, ಅದೇ ಡಬ್ಬ ಹೊತ್ತು ಬೇರೆ ಮಿಲ್ಲಿಗೆ ಹೋಗುವುದು. ನವರಾತ್ರಿ ಪೂರ್ತಿ ಇದನ್ನು ನೋಡಿಕೊಂಡು ಹಲ್ಲು ಕಚ್ಚಿಕೊಂಡಿದ್ದೆ.

ಎಂಜಿನಿಯರು ವಿಜಯದಶಮಿಯ ಮಾರನೆಯ ದಿನ ಬರುತ್ತಾನೆಂದು ಪುರುಷೋತ್ತಮ ಹೇಳಿದ್ದ. ಎಲ್ಲ ಸರಿಯಾಗಿತ್ತು. ಆಯುಧ ಪೂಜೆಯೊಂದು ಮಧ್ಯೆ ಬಂತು.

ನಿನ್ನತ್ತೆ ಬೆಳಗಾಗುತ್ತಲೇ ಸೇವಂತಿಗೆ ಹಾರ, ಬೂದುಗುಂಬಳಕಾಯಿ, ನಿಂಬೆಹಣ್ಣು ತಂದು ಇಟ್ಟುಕೊಂಡಿದ್ದಳು. "ಬೇಡ ಕಣೇ, ಈ ವರ್ಷ ಮಿಷನ್ನು ಮುಟ್ಟಬೇಡ, ಎಂಜಿನಿಯರು ಬಂದು ಹೋಗಲಿ, ಆಮೇಲೆ ಎರಡು ಸಲ ಪೂಜೆ ಮಾಡೋಣ" ಎಂದೆ.

"ವರ್ಷವೆಲ್ಲಾ ಅನ್ನ ಕೊಟ್ಟಿರೋ ಮಿಷನ್ನಿಗೆ ಇವತ್ತೊಂದಿನ ಹೂವ ಇಡಬೇಡ ಅಂತೀಯಲ್ಲ, ನಿಂಗೆ ಬಾಯಾದ್ರೂ ಹೆಂಗೆ ಬಂತು?"

"ಲೋನು ಬೇಕೋ ಬೇಡ್ವೋ?"

"ಮಿಷನ್ನಿಗೆ ಸಿಟ್ಟು ಬಂದ್ರೆ ನಿನ್ನ ಲೋನು ತಗೊಂಡು ಏನು ಬೀಸ್ತೀಯ?"

ಅವಳ ಬಾಯಿಗೆ ನಾನು ಯಾವತ್ತೂ ಸಮ ಅಲ್ಲ, ನಿನಗೆ ಗೊತ್ತು. ಖಡಾಖಂಡಿತ ಬೇಡ ಎಂದು ಹೇಳಿ, ಸ್ನಾನಕ್ಕೆ ಮೇಲೆ ಹೋದೆ. ಇಳಿದು ಬರುವಷ್ಟರಲ್ಲಿ ಅವಳು ಗೊಂಬೆ ಮೆಟ್ಟಿಲಿನ ಹಿಂದಿನಿಂದ ತೆವಳಿಕೊಂಡು ಒಳಗೆ ನುಗ್ಗಿ, ಎರಡೂ ಮಿಷನ್ನಿಗೆ ವಿಭೂತಿ ಕುಂಕುಮ ಬಳಿದು, ಹಾರ ಹಾಕಿ, ಊದುಬತ್ತಿ ಹಚ್ಚಿದ್ದಳು. ರೇಷ್ಮೆ ಸೀರೆಯ ಹಿಂದಿನಿಂದ ಹೊಗೆ ಬರುತ್ತಿದೆ, ಪಟ್ಟದ ರಾಜನ ಸಿಂಹಾಸನಕ್ಕೆ ಬೆಂಕಿ ಬಿತ್ತೇನೋ ಎಂದು ನಾನು ಬಕೆಟ್ಟು ನೀರು ಹಿಡಿದು ಓಡಿದೆ. ಅಷ್ಟರಲ್ಲಿ ಶಟರಿನ ಮುಂದೆ ಕುಂಬಳಕಾಯಿ ಒಡೆದೇಬಿಟ್ಟಳು. ಬೀದಿಯವರಿಗೆಲ್ಲ ಕಡಲೆಪುರಿ ಹಂಚಿದಳು. ನಾನು ಬಾಯಿ ಮುಚ್ಚಿಕೊಂಡು ಒಂದು ಹಿಡಿ ಕಡಲೆಪುರಿ ತಿಂದೆ.

ಎಂಜಿನಿಯರು ಬಂದ. ಕಶ್ಯಪ್ ಅಂತ ಹೆಸರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಗೋಡೆಯ ಮೇಲೆ ಕೆಂಪು ಚುಕ್ಕಿ ಬಿಟ್ಟು ಅಳತೆ ತೆಗೆಯುವ ಪುಟ್ಟ ಡಬ್ಬಿ. ಶೂ ಬಿಚ್ಚಿ ಒಳಗೆ ಬಂದವನು ಮೊದಲು ಗೊಂಬೆಗೆ ಕೈ ಮುಗಿದ. ಗೆದ್ದೆ ಎಂದುಕೊಂಡೆ. ಚುಕ್ಕಿ ನಿನ್ನತ್ತೆಯ ಸೀರೆಯ ಮೇಲೆ ಬಿತ್ತು.

"ಇದರ ಹಿಂದೆ ಗೋಡೆ ಎಷ್ಟು ದೂರ ಇದೆ ಸಾರ್? ಸ್ವಲ್ಪ ಹಿಂದೆ ಹೋಗಿ ನೋಡ್ಲಾ?"

"ಅಯ್ಯೋ ಬೇಡಿ ಸಾರ್. ಗೊಂಬೆ ಇಳಿಸೋವರೆಗೂ ಹಿಂದೆ ಗಂಡಸರು ಹೋಗಬಾರದು, ನಮ್ಮ ಕಡೆ ಪದ್ಧತಿ."

"ಓ, ಸಾರಿ ಸಾರ್, ಗೊತ್ತಿರ್ಲಿಲ್ಲ" ಎಂದು ಪಾಪ ಎರಡು ಹೆಜ್ಜೆ ಹಿಂದೆ ಸರಿದ. ಆ ಪದ್ಧತಿಯನ್ನು ನಾನು ಅದೇ ಕ್ಷಣದಲ್ಲಿ ಹುಟ್ಟಿಸಿದ್ದು. ಮೇಲೆ ಹೋಗಿ ಅಡುಗೆಮನೆ, ರೂಮು, ಬಚ್ಚಲು ಎಲ್ಲ ಅಳೆದ. ನಿನ್ನತ್ತೆ ಕಡಲೆಕಾಳು ಉಸಲಿ ಕೊಟ್ಟಳು. ತಟ್ಟೆ ಹಿಡಿದುಕೊಂಡೇ ಇಳಿದು ಬಂದು, ಶೂ ಹಾಕಿಕೊಳ್ಳುತ್ತಾ ಶಟರಿನ ಮುಂದಿನ ನೆಲ ನೋಡಿದ. ಕುಂಬಳಕಾಯಿ ಚೂರುಗಳನ್ನು ನಾನು ಗುಡಿಸಿದ್ದೆ. ಸಿಮೆಂಟಿಗೆ ಹಿಡಿದಿದ್ದ ಕುಂಕುಮ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಆಯುಧ ಪೂಜೆ ಜೋರಾಗೇ ಮಾಡಿದೀರಿ. ಯಾವುದಕ್ಕೆ ಸಾರ್?"

"ಸ್ಕೂಟರಿಗೆ."

ಅವನು ಸ್ಕೂಟರ್ ಕಡೆ ತಿರುಗಿದ. ಒಂದು ಎಸಳು ಹೂವಿಲ್ಲ, ಒಂದು ಚುಕ್ಕೆ ಕುಂಕುಮವಿಲ್ಲ, ಸೀಟಿನ ತುಂಬ ಧೂಳು. ಮಿಲ್ಲನ್ನು ಮುಚ್ಚಿಡುವ ಭರದಲ್ಲಿ ಸ್ಕೂಟರಿಗೆ ಹೂವಿಡುವುದನ್ನು ಮರೆತಿದ್ದೆ. ನಾನು ಇನ್ನೊಂದು ಪದ್ಧತಿ ಹುಟ್ಟಿಸುವಷ್ಟರಲ್ಲಿ ಹಿಂದಿನಿಂದ ನಿನ್ನತ್ತೆ ಬಂದಳು.

"ಸ್ಕೂಟರಿಗೆ ಯಾರು ಮಾಡಿದ್ರು? ನಾನು ಮಾಡಿದ್ದು ಮಿಲ್ಲಿಗೆ. ಪೂಜೆ ವಿಷಯದಾಗೆ ಸುಳ್ಳು ಆಡಬಾರದು ಸಾರ್, ಒಳ್ಳೇದಾಗಲ್ಲ. ಗೊಂಬೆ ಅಡಿಯಾಗೇ ಐತೆ, ಬನ್ನಿ ತೋರಿಸ್ತೀನಿ."

ಕಶ್ಯಪ್ ಉಸಲಿ ತಟ್ಟೆಯನ್ನು ಮೆಲ್ಲಗೆ ಸ್ಕೂಟರಿನ ಸೀಟಿನ ಮೇಲೆ ಇಟ್ಟ. ಅವನೇನಾದರೂ ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಬೈಯಲಿಲ್ಲ. "ಸಾರ್, ಮಾಗಡಿ ರೋಡಲ್ಲಿ ಅರ್ಧಕ್ಕರ್ಧ ಮನೆ ಹೀಗೇ ಇರೋದು. ಕೆಳಗೆ ಅಂಗಡಿ, ಮೇಲೆ ಸಂಸಾರ. ಮೊದಲೇ ಹೇಳಿದ್ರೆ ಮಿಕ್ಸೆಡ್ ಅಂತ ಬರ್ದು ಕೊಡ್ತಿದ್ದೆ. ಬಡ್ಡಿ ಸ್ವಲ್ಪ ಜಾಸ್ತಿ ಆಗ್ತಿತ್ತು, ಲೋನ್ ಆಗ್ತಿತ್ತು. ಈಗ ಮುಚ್ಚಿಟ್ಟಿದ್ರು ಅಂತ ಬರೀಲೇಬೇಕು, ನನ್ನ ಕೆಲಸ ಅದು" ಎಂದ.

ಇಷ್ಟು ಹೊತ್ತು ತಡೆದುಕೊಂಡಿದ್ದದ್ದೆಲ್ಲ ಆಗ ತಲೆಗೇರಿತು. ಮೊದಲೇ ಹೇಳಲಿಲ್ಲವಂತೆ! ನಾನು ಮೊದಲೇ ಹೇಳಿದ್ದು ಆ ಹುಡುಗಿಗೆ ಕೇಳಿಸಿತು, ಅವಳ ಕಂಪ್ಯೂಟರಿಗೆ ಕೇಳಿಸಲಿಲ್ಲ. ಸೀರೆ ಹಿಡಿದು ಎಳೆದೆ. "ನೋಡ್ಕೊಳ್ಳಿ ಸಾರ್, ಚೆನ್ನಾಗಿ ನೋಡ್ಕೊಳ್ಳಿ! ಅಂಗಡಿ ಇಟ್ಕೊಂಡಿರೋ ಶೆಟ್ಟಿ ಗೊಂಬೆಗೆ ಮನೆ ಒಳಗೆ ಜಾಗ ಐತೆ, ಅಂಗಡಿ ಇಟ್ಕೊಂಡಿರೋ ದೊಡ್ಡಣ್ಣಂಗೆ ಮನೆ ಇಲ್ವಾ?" ಎಂದು ಕೂಗಿ ಮೇನ್ ಸ್ವಿಚ್ಚು ಎತ್ತಿದೆ. ರಾಗಿ ಮಿಷನ್ನು ನವರಾತ್ರಿಯ ಮೌನವನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಳ್ಳುವಂತೆ ಗುಡುಗಿತು. ಹಲಗೆಗಳು ನಡುಗಿದವು. ರಾಜ ರಾಣಿ ಕುಣಿದರು, ವಾಲಗದವರು ಕುಣಿದರು, ಹಳೇ ಹಿಟ್ಟು ಮೇಲೆದ್ದು ಎಲ್ಲರ ತಲೆಗೂ ಬಿತ್ತು. ನಿನ್ನತ್ತೆ ಸೆರಗು ಒಡ್ಡಿ ಶೆಟ್ಟಮ್ಮನನ್ನು ಹಿಡಿದುಕೊಂಡಳು. ಶೆಟ್ಟಿ ಬಿದ್ದ. ವತ್ಸಲಮ್ಮನ ತವರಿನ ಶೆಟ್ಟಿ, ತಕ್ಕಡಿ ಸಮೇತ ಚೂರಾದ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕಿನಿಂದ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಮೆಡಿಕಲ್ ಸ್ಟೋರಿನ ಸೀನ ಓದಿ, "ಇಲ್ಲ ಅಂದವ್ರೆ ಕಣಣ್ಣ" ಎಂದ. ಅದರ ಮಾರನೆಯ ದಿನ ಪುರುಷೋತ್ತಮ ಬಂದ, ಓಡಾಡಿದ ಖರ್ಚು ಕೊಡಿ ಎಂದು. ಲೋನಾಗಲಿಲ್ಲವಲ್ಲಪ್ಪಾ ಎಂದರೆ, "ನಿಮ್ಮ ಮನೆಯವರ ಬಾಯಿಗೆ ನಾನು ಗ್ಯಾರಂಟಿ ಕೊಟ್ಟಿದ್ನಾ?" ಎಂದ. ಕೂತ್ಕೋಪ್ಪಾ, ತರ್ತೀನಿ ಎಂದು ಸ್ಟೂಲು ಹಾಕಿದೆ. ಖಾರದ ಮಿಷನ್ನಿನ ಎದುರಿಗೇ ಹಾಕಿದೆ. ಯಾರದೋ ಬ್ಯಾಡಗಿ, ಗುಂಟೂರು ಎರಡೂ ಹುರಿದು ತಂದದ್ದು ಇತ್ತು. ಸುರಿದು ಸ್ವಿಚ್ಚು ಎತ್ತಿದೆ, ಮುಚ್ಚಳ ಮಾತ್ರ ಮುಚ್ಚಲಿಲ್ಲ. ಅವನು ಸೀನಿದ ಸದ್ದು ಬಸ್ ಸ್ಟಾಪಿನವರೆಗೂ ಕೇಳಿಸಿತಂತೆ. ಕಪ್ಪು ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದಾನೆ. ಈಗ ನಾನು ಮೆಣಸಿನಕಾಯಿ ಬೀಸುವಾಗ ಹಾಕಿಕೊಳ್ಳುತ್ತೇನೆ. ಬಹಳ ಚೆನ್ನಾಗಿ ಕಾಣುತ್ತೇನೆ ಎಂದು ಗಿರಾಕಿಗಳೇ ಹೇಳುತ್ತಾರೆ.

ನಗಬೇಡ. ಅವನ ಮೇಲಿನ ಕೋಪ ಅವತ್ತೇ ತೀರಿತು.

ತೀರದ ಕೋಪ ಬೇರೆ. ಒಡೆದ ಶೆಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ವಿಜಯನಗರಕ್ಕೆ ಹೋದೆ. ನಡೆದದ್ದೆಲ್ಲ ಹೇಳಿದೆ. ವತ್ಸಲಮ್ಮ ಚೂರುಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡರು. ಮೇಷ್ಟ್ರು, "ಗೊಂಬೆ ಹೋಗ್ಲಿ ಬಿಡಿ ದೊಡ್ಡಣ್ಣ. ಕಾರ್ತೀಕ ಮುಗಿಯೋವರೆಗೂ ಅಂದಿದ್ದೆ, ಅಲ್ಲಿವರೆಗೂ ಕಾಯ್ತೀನಿ. ಅದರಾಚೆ ಮಾತ್ರ ನನ್ನ ಕೇಳ್ಬೇಡಿ" ಎಂದರು. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ. ಆ ಕೋಪವನ್ನು ಎಲ್ಲಿ ಇಡುವುದು ಹೇಳು? ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ತೀರಿಸಿಕೊಂಡೆ.

ಹೋದ ವಾರ ಕೊನೆಯ ಸಲ ಎಂದು ಬ್ಯಾಂಕಿಗೆ ಹೋದೆ. ಈ ಸಲ ಏಜೆಂಟು ಇಲ್ಲ, ಸುಳ್ಳು ಇಲ್ಲ. ಮಿಲ್ಲಿನ ಬಟ್ಟೆಯಲ್ಲೇ ಹೋದೆ, ಮೀಸೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳಲಿಲ್ಲ. "ನೋಡಮ್ಮ, ಇದು ಮನೇನೂ ಹೌದು, ಮಿಲ್ಲೂ ಹೌದು, ಯಾವ ಹೆಸರಲ್ಲಾದ್ರೂ ಕೊಡು, ಬಡ್ಡಿ ಜಾಸ್ತಿ ಆದ್ರೂ ಕಟ್ತೀನಿ" ಎಂದೆ. ಆಗಲಿಲ್ಲ. ಧನ್ಯಶ್ರೀ ಕೂರಿಸಿ ನಿಧಾನವಾಗಿ ಹೇಳಿದಳು. ಎದ್ದು ಬಂದೆ.

ಹೀಗಾಗಿ ಮಗಳೇ, ಈ ಕಟ್ಟಡ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಖಾಲಿ ಮಾಡುತ್ತೇವೆ. ಪುರುಷೋತ್ತಮ ಬರೆದ ಸುಳ್ಳೇ ಈಗ ನಿಜವಾಗಿದೆ: ಬ್ಯಾಡರಹಳ್ಳಿಯಲ್ಲಿ ಮಿಲ್ಲಿಗೆ ಒಂದು ಶೆಡ್ಡು ನೋಡಿದ್ದೇನೆ. ನಮಗೆ ಇಲ್ಲೇ ಹಿಂದಿನ ಬೀದಿಯಲ್ಲಿ ಎರಡು ರೂಮಿನ ಮನೆ. ಇನ್ನು ಮೇಲೆ ಮನೆ ಮನೆಯಂತೆ, ಮಿಲ್ಲು ಮಿಲ್ಲಿನಂತೆ. ನಡುವೆ ಬಸ್ಸು. ಬ್ಯಾಂಕಿನ ಕಂಪ್ಯೂಟರಿಗೆ ಈಗ ನಾನು ಬಹಳ ಚೆನ್ನಾಗಿ ಅರ್ಥವಾಗುತ್ತೇನೆ. ನಿನ್ನತ್ತೆ, ಮೋಟಾರಿನ ಸದ್ದಿಲ್ಲದೆ ಮಧ್ಯಾಹ್ನ ಕಣ್ಣು ಹತ್ತುವುದು ಹೇಗೆ ಎಂದು ಈಗಲೇ ಕೇಳುತ್ತಿದ್ದಾಳೆ. ನೀನೂ ಹಾಗೇ ಇದ್ದೆ. ನಿಮ್ಮಪ್ಪ ಹೋದ ಮೇಲೆ ನನ್ನ ತಂಗಿ ಸುಮಾ ನಿನ್ನನ್ನು ಎತ್ತಿಕೊಂಡು ಈ ಮನೆಗೆ ಬಂದಾಗ ನಿನಗಿನ್ನೂ ಮಾತು ಬಂದಿರಲಿಲ್ಲ. ಕರೆಂಟು ಹೋಗಿ ಮಿಲ್ಲು ನಿಂತರೆ ಸಾಕು, ಮೇಲೆ ತೊಟ್ಟಿಲಲ್ಲಿ ನೀನು ಕಿರುಚಿಕೊಂಡು ಏಳುತ್ತಿದ್ದೆ. ಸುಮಾ ಕಣ್ಮುಚ್ಚಿದ ಮೇಲೂ ನೀನು ಓದಿದ್ದು, ಬೆಳೆದದ್ದು, ಹಸೆಮಣೆ ಏರಿದ್ದು ಎಲ್ಲ ಈ ಮಿಲ್ಲಿನ ಮೇಲಿನ ಮನೆಯಿಂದಲೇ. ಕೆಡವುವುದಕ್ಕೆ ಮೊದಲು ಬಂದು ಒಂದು ಸಲ ನೋಡುವ ಹಾಗಿದ್ದರೆ ನೋಡು.

ನಿನ್ನ ಯಜಮಾನರು ಸಂಪತ್ ಅವರಿಗೂ, ಅವರ ತಾಯಿಯವರಿಗೂ ನನ್ನ ನಮಸ್ಕಾರ ತಿಳಿಸು. ಬಸವೇಶ್ವರನಗರದ ನಿಮ್ಮ ಮನೆ ತಂಪಾಗಿರಲಿ. ಅಲ್ಲಿ ಹಾಲು ಉಕ್ಕುತ್ತಿರಲಿ, ಬಾಗಿಲಿಗೆ ಬಂದವರನ್ನು ಯಾವ ಲೆಕ್ಕದವರು ಎಂದು ಕೇಳುವ ಕಾಲ ನಿನಗೆ ಬಾರದಿರಲಿ. ಬರುವ ವರ್ಷ ನಿನ್ನ ಮಡಿಲಿಗೊಂದು ಮಗು ಬರಲಿ, ಅದು ಎಂಥ ಗದ್ದಲದಲ್ಲೂ ಹಾಯಾಗಿ ಮಲಗುವಂಥದ್ದಾಗಲಿ.

ಇಂತಿ ನಿನ್ನ ಮಾವ,
ದೊಡ್ಡಣ್ಣ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆಯಲು ಆಗಲಿಲ್ಲ. ಈ ಹಾಳೆಯನ್ನು ಬೇರೆಯಾಗಿಯೇ ಬರೆದಿದ್ದೇನೆ, ಓದಿ ಹರಿದುಹಾಕು. ಉಳಿದದ್ದನ್ನು ಬೇಕಾದರೆ ಮನೆಯವರಿಗೆ ಓದಿ ಹೇಳು, ನಗುತ್ತಾರೆ.

ಧನ್ಯಶ್ರೀ ನನ್ನನ್ನು ಕೂರಿಸಿ ಹೇಳಿದ್ದು ಇದು. "ಅಂಕಲ್, ಕಶ್ಯಪ್ ಸರ್ ರಿಪೋರ್ಟ್ ಬಂದ್ಮೇಲೂ ನಾನು ಮ್ಯಾನೇಜರ್ ಹತ್ರ ಮಾತಾಡಿದ್ದೆ. ಯಾರೋ ಹೇಳ್ಕೊಟ್ಟಿದ್ದನ್ನ ಕೇಳಿ ಹೀಗೆ ಮಾಡಿದಾರೆ, ಮಿಕ್ಸೆಡ್ ಅಂತ ಹಾಕಿ ಕೊಡೋಣ ಸರ್ ಅಂದೆ. ಅವರೂ ಹೆಚ್ಚುಕಮ್ಮಿ ಒಪ್ಪಿದ್ರು. ಇವರ ಬಗ್ಗೆ ವಿಚಾರಿಸೋಕೆ ಯಾರದಾದ್ರೂ ನಂಬರ್ ಕೊಟ್ಟಿದ್ರೆ ಒಂದು ಫೋನ್ ಮಾಡಿ ನೋಡು ಅಂದ್ರು."

ಕೊಟ್ಟಿದ್ದ ನಂಬರು ನಿನ್ನದು. ಹೆಸರು ಕವನಾ, ಸಂಬಂಧ ತಂಗಿಯ ಮಗಳು ಎಂದು ಬರೆಸಿದ್ದೆ.

ಯಾರೋ ಮೋಸದ ಫೋನು ಎಂದುಕೊಂಡೆಯೇನೋ ಎಂದು ನಾನೇ ಅವಳ ಮುಂದೆ ನಿನ್ನ ಪರ ವಾದ ಹೂಡಿದೆ. ಇಲ್ಲವಂತೆ. ಬ್ಯಾಂಕಿನ ಹೆಸರು ಹೇಳಿ, ನನ್ನ ಹೆಸರು ಹೇಳಿ, ಸುಂಕದಕಟ್ಟೆಯ ಮಿಲ್ಲು ಎಂದು ಹೇಳಿದ ಮೇಲೆ ನೀನು ಅಂದೆಯಂತೆ: "ಓ, ಆ ಮಿಲ್ಲಿನವರಾ? ಚಿಕ್ಕವಳಿದ್ದಾಗ ಅವರ ಮೇಲ್ಗಡೆ ಬಾಡಿಗೆಗೆ ಇದ್ವಿ. ಅಷ್ಟೇ ಪರಿಚಯ." ಅದನ್ನು ಕೇಳಿದ ಮ್ಯಾನೇಜರು, ನೋಡು, ಇದೂ ಸುಳ್ಳು, ಎಂದು ಫೈಲು ಮುಚ್ಚಿದರಂತೆ. ಆ ಅರ್ಜಿಯಲ್ಲಿ ನನ್ನದು ಅಂತ ಇದ್ದ ನಿಜ ಅದೊಂದೇ ಕಣೇ ಕವನಾ.

ಪಕ್ಕದಲ್ಲಿ ಸಂಪತ್‌ನ ತಾಯಿ ಕೂತಿದ್ದರೋ, ಜಾಮೀನಿಗೆ ಎಳೆಯುತ್ತಾರೆಂದು ಹೆದರಿದೆಯೋ, ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ಧನ್ಯಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೆ ನೀನು ಕೆಟ್ಟವಳಾಗುವುದು ನನಗೆ ಬೇಡವಾಯಿತು. "ಅವಳು ಹೇಳಿದ್ದೇ ಸರಿ ಕಣಮ್ಮ. ಬಾಡಿಗೆಗಿದ್ದ ಮಗು. ನಾನೇ ಪ್ರೀತಿಗೆ ತಂಗಿ ಮಗಳು ಅಂತ ಬರೆಸಿಬಿಟ್ಟೆ" ಎಂದು ಹೇಳಿ ಎದ್ದು ಬಂದೆ.

ಇದನ್ನು ನಿನ್ನತ್ತೆಗೆ ಹೇಳಿಲ್ಲ. ಅವಳು ಇವತ್ತು ಬೆಳಗ್ಗೆಯೂ, "ಆ ಪುರುಷೋತ್ತಮನ ಹಿಂದೆ ಹೋಗೋ ಬದಲು ನಮ್ಮ ಕವನಂಗೆ ಒಂದು ಮಾತು ಹೇಳಿದ್ದಿದ್ರೆ, ಬ್ಯಾಂಕಿನೋರ ಹತ್ರ ಎಷ್ಟು ಚೆನ್ನಾಗಿ ಮಾತಾಡಿರೋಳು" ಎಂದು ನನ್ನನ್ನು ಬೈದಳು. ಬೈಸಿಕೊಂಡೆ.

ಹೊಸ ರಾಗಿ ಬಂದಿದೆ. ಹಿಟ್ಟು ಬೇಕಾದರೆ ಬಂದು ತೆಗೆದುಕೊಂಡು ಹೋಗು. ಬರೀ ಪರಿಚಯದವರಿಗೂ ನಾನು ಜರಡಿ ಹಿಡಿದೇ ಕೊಡುವುದು.